ಐದನೇ ನಂಬರು ಅಕ್ಕಿಕಾಳು

ಲಿಂಗಸುಗೂರಿಗೆ ಹೋದ ಕ್ಯಾಸೆಟ್ಟು, ಸಿಟ್ಟಿನಿಂದ ತವರಿಗೆ ಹೋದ ಹೆಂಡತಿ, ಈ ಎರಡೂ ಯಾವಾಗ ತಿರುಗಿ ಬರುತ್ತವೆಂದು ದೇವರಿಗೂ ಗೊತ್ತಿಲ್ಲ ಎಂದು ನನ್ನ ಗಂಡ ವೆಂಕೋಬ ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದ. ನಾನು ಒಂದು ಸಲವೂ ಹಾಗೆ ತವರಿಗೆ ಹೋದವಳಲ್ಲ. ಕ್ಯಾಸೆಟ್ಟಿನ ಮಾತು ಮಾತ್ರ ಖರೆ.

ಸಿಂಧನೂರಿನ ನಮ್ಮ ಅಂಗಡಿಯಲ್ಲಿ ಆಗ ಇದ್ದದ್ದು ಹೆಗಲ ಮೇಲೆ ಹೊರುವ ಒಂದು ವಿಡಿಯೋ ಕ್ಯಾಮೆರಾ, ಎರಡು ದೊಡ್ಡ ಲೈಟು, ಒಂದು ವಿಸಿಆರ್. ಮದುವೆಗೆ ಹೋಗಿ ಶೂಟಿಂಗ್ ಮಾಡಿಕೊಂಡು ಬರುವುದು ವೆಂಕೋಬನ ಕೆಲಸ. ಅದಕ್ಕೆ ಹೆಸರು ಹಾಕಿ, ಹಾಡು ಕೂಡಿಸಿ, ಬೇಡದ್ದನ್ನು ಕತ್ತರಿಸಿ ಕೊಡುವ ಮಿಕ್ಸಿಂಗ್ ಕೆಲಸ ಲಿಂಗಸುಗೂರಿನ ಉಸ್ಮಾನ್‌ಸಾಬರದು. ಒಳ್ಳೆಯ ಮನುಷ್ಯ, ಕೈ ಚುರುಕು, ಆದರೆ ಸುತ್ತಲಿನ ಮೂರು ತಾಲ್ಲೂಕಿನ ಮದುವೆಗಳೆಲ್ಲ ಅವರ ಮೇಜಿನ ಮೇಲೆಯೇ ಬಿದ್ದಿರುತ್ತಿದ್ದವು. ಮದುಮಗಳು ಬಸುರಿಯಾಗಿ ಕುಬಸಕ್ಕೆ ತವರಿಗೆ ಬಂದರೂ ಮದುವೆಯ ಕ್ಯಾಸೆಟ್ಟು ಬಂದಿರುತ್ತಿರಲಿಲ್ಲ. ಬೈಸಿಕೊಳ್ಳುವವಳು ಅಂಗಡಿಯಲ್ಲಿ ಕುಳಿತಿರುತ್ತಿದ್ದ ನಾನು.

ಹೀಗಿರುವಾಗ ೧೯೯೯ರ ಸಂಕ್ರಾಂತಿ ಮುಗಿದ ವಾರ ನಮ್ಮ ಅಂಗಡಿಗೆ ಕಂಪ್ಯೂಟರ್ ಬಂತು. ತಂದವಳು ಶಾಕೀರಾ. ಪಕ್ಕದ ಓಣಿಯಲ್ಲಿ ಅವಳ ಅಣ್ಣ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ, ಅವಳು ಅಲ್ಲಿ ಹೇಳಿಕೊಡುತ್ತಿದ್ದಳು. ಮಧ್ಯಾಹ್ನ ಅಂಗಡಿಗೆ ಯಾರೂ ಬಾರದ ಹೊತ್ತಿನಲ್ಲಿ ನಾನೂ ಆರು ತಿಂಗಳು ಹೋಗಿ ಕಲಿತಿದ್ದೆ. ಸಿಡಿ ಬರೆಯುವ ಸೌಲಭ್ಯವಿದ್ದ ಒಂದು ಕಂಪ್ಯೂಟರನ್ನು ಅಣ್ಣ ಹುರುಪಿನಿಂದ ತರಿಸಿ, ಏನು ಮಾಡಬೇಕೆಂದು ತೋಚದೆ ಮೂಲೆಗೆ ಇಟ್ಟಿದ್ದ.

"ಯುಗಾದಿ ತನಕ ಇಟ್ಕೊಂಡು ನೋಡ್ರಿ ಅಕ್ಕಾ. ನಿಮಗ ಆಗಲಿಲ್ಲಂದ್ರ ರಾಯಚೂರಾಗ ಒಬ್ರು ಕೇಳ್ಯಾರ, ಅಣ್ಣ ಅವರಿಗೆ ಕೊಡ್ತಾನ" ಎಂದಳು ಶಾಕೀರಾ.

ವೆಂಕೋಬ ಆ ಡಬ್ಬಿಯ ಸುತ್ತ ಎರಡು ಸುತ್ತು ಹಾಕಿದ. ಅವನು ಕೆಟ್ಟವನಲ್ಲ, ಅಂಜುಬುರುಕ. "ನೋಡು ಗ್ಯಾನಿ, ಮಂದಿ ಮುಂದ ನಗೆಪಾಟ್ಲ ಆಗಬಾರ್ದು. ಒಂದ ಒಂದು ಮದಿವಿ ಇದ್ರಾಗ ಮಾಡಿ ಕೊಡು. ಗಿರಾಕಿ ಹ್ಞೂಂ ಅಂದ್ರ ಇಟ್ಕೊಳ್ಳೋಣು. ಒಲ್ಲೆ ಅಂದ್ರ ತಿರುಗಿ ಕಳ್ಸೋಣು. ಆಮ್ಯಾಲೆ ಮಾರಿ ಉಬ್ಬಿಸ್ಕೊಂಡು ಕುಂದ್ರಬ್ಯಾಡ" ಎಂದ. ನಾನು ಒಪ್ಪಿದೆ. ಒಪ್ಪಿದ ದಿನದಿಂದ ಆ ಡಬ್ಬಿ ಹೋದರೆ ನನ್ನ ಕೈಯನ್ನೇ ಕಿತ್ತುಕೊಂಡು ಹೋದ ಹಾಗೆ ಎನ್ನಿಸತೊಡಗಿತು.

ಯಾಕೆ ಅಷ್ಟು ಹಚ್ಚಿಕೊಂಡೆ ಎನ್ನುವುದನ್ನು ಹೇಳಬೇಕು. ಕ್ಯಾಸೆಟ್ಟು ಎಂದರೆ ಒಂದೇ ದಾರಿ, ಈ ತುದಿಯಿಂದ ಆ ತುದಿಗೆ ಹೋಗಬೇಕು. ಸಿಡಿಯಲ್ಲಿ ಹಾಗಿಲ್ಲ. ಮದುವೆಯನ್ನು ತುಂಡು ತುಂಡು ಮಾಡಿ, ಮುಂದೆ ಒಂದು ಚಿತ್ರ ಇಟ್ಟು, ಅದರಲ್ಲಿ ಒಂದು ಎರಡು ಮೂರು ಎಂದು ಬರೆದುಬಿಟ್ಟರೆ ಸಾಕು. ರಿಮೋಟಿನಲ್ಲಿ ಯಾವ ಅಂಕಿ ಒತ್ತಿದರೆ ಆ ತುಂಡು ಶುರುವಾಗುತ್ತದೆ. ಆ ಚಿತ್ರಕ್ಕೆ ಮೆನು ಎನ್ನುತ್ತಾರೆ. ಇದನ್ನು ಶಾಕೀರಾ ಮೊದಲ ಸಲ ತೋರಿಸಿದಾಗ ನಾನು ಅವಳ ಕೈ ಹಿಡಿದುಕೊಂಡೆ. ಎಷ್ಟೋ ಮನೆಗಳಲ್ಲಿ ನಾನು ಕಂಡಿದ್ದೆ: ಮದುವೆಯ ಕ್ಯಾಸೆಟ್ಟು ಹಾಕುತ್ತಾರೆ, ರಿಮೋಟು ಗಂಡಸರ ಕೈಯಲ್ಲಿ. ಅರಿಶಿಣ ಹಚ್ಚುವುದು, ಮದುಮಕ್ಕಳನ್ನು ಕೂಡಿಸಿ ಸುರಗಿ ನೀರು ಹಾಕುವುದು ಬಂದ ಕೂಡಲೇ "ಏ, ಓಡಿಸು ಓಡಿಸು" ಎಂದು ಓಡಿಸಿ ಬ್ಯಾಂಡಿನ ಹತ್ತಿರ ತಂದು ನಿಲ್ಲಿಸುತ್ತಾರೆ. ಹೆಂಗಸರು ಬಾಗಿಲ ಸಂದಿನಲ್ಲಿ ನಿಂತು ತಮ್ಮ ಮುಖ ಸರ್ರನೆ ಓಡಿಹೋಗುವುದನ್ನು ನೋಡುತ್ತಾರೆ. ನನಗೆ ಹೊಟ್ಟೆ ಉರಿಯುತ್ತಿತ್ತು.

ಕಲಿಯುವುದು ಮಾತ್ರ ಸುಲಭವಿರಲಿಲ್ಲ. ಸಾಫ್ಟ್‌ವೇರ್ ಪೂರ್ತಿ ಇಂಗ್ಲಿಷಿನದು, ಅದರ ಪುಸ್ತಕದ ಜೆರಾಕ್ಸ್ ಪ್ರತಿಯಲ್ಲಿ ಅರ್ಧ ಅಕ್ಷರ ಅಳಿಸಿದ್ದವು. ಒಂದು ತಾಸಿನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ತುಂಬಲು ಒಂದು ತಾಸು ಕಾಯಬೇಕು, ಐವತ್ತೈದನೇ ನಿಮಿಷಕ್ಕೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆಮೇಲೆ ಅದನ್ನು ಸಿಡಿಗೆ ಒಗ್ಗುವ ಹಾಗೆ ಬದಲಿಸಲು ಮುಂಜಾನೆಯಿಂದ ಸಂಜೆಯ ತನಕ. ನಾನು ಮಾಡಿದ ಮೊದಲ ಸಿಡಿಯಲ್ಲಿ ಮಾತು ಕೇಳಿಸಿತು, ಮನುಷ್ಯರು ಕಾಣಿಸಲಿಲ್ಲ. ಎರಡನೆಯದರಲ್ಲಿ ಎರಡು ಒತ್ತಿದರೆ ನಾಲ್ಕು ಬಂತು, ನಾಲ್ಕು ಒತ್ತಿದರೆ ಏನೂ ಬರಲಿಲ್ಲ. ಹಾಳಾದ ಸಿಡಿಗಳನ್ನು ದಢೇಸುಗೂರಿನ ನಮ್ಮ ಮಾವ ಒಯ್ದು ಗದ್ದೆಯ ಬದುವಿನಲ್ಲಿ ಗೂಟಕ್ಕೆ ಕಟ್ಟಿದ. ಬಿಸಿಲಿಗೆ ಮಿಣಮಿಣ ಹೊಳೆದು ಹಕ್ಕಿ ಹತ್ತಿರ ಸುಳಿಯಲಿಲ್ಲವಂತೆ. ನನ್ನ ವಿದ್ಯೆಯಿಂದ ಮೊದಲು ಉದ್ಧಾರವಾದದ್ದು ಮಾವನ ಭತ್ತ.

ಶಾಕೀರಾಗೆ ಕಂಪ್ಯೂಟರ್ ಗೊತ್ತು, ಮದುವೆ ಗೊತ್ತಿಲ್ಲ. ಅವಳು ಎಲ್ಲವನ್ನೂ ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿ ಇಟ್ಟಳು.

"ಮದಿವಿ ಏನು ಸೋಪಿನ ಬಾರೇನವಾ, ಸಮ ಸಮ ಕೊಯ್ಯಾಕ? ಸುರಗಿ ನೀರು ಹಾಕೋದ್ರಾಗ ಅರ್ಧಕ್ಕ ಬಿಟ್ಟೀಯಲ್ಲ, ಆ ಹುಡುಗಿ ತೊಯ್ಸ್ಕೊಂಡು ಕುಂತೈತಿ" ಎಂದೆ.

"ನೀವ ಹೇಳ್ರಿ ಹಂಗಾರ ಎಲ್ಲಿ ಕೊಯ್ಯಬೇಕಂತ. ನಾ ಬಟನ್ ಒತ್ತಾಕಿ ಅಷ್ಟ" ಎಂದು ಅವಳು ನಕ್ಕಳು. ಹೀಗೆ ನಾನು ಹೇಳುತ್ತ, ಅವಳು ಒತ್ತುತ್ತ, ಆಮೇಲೆ ನಾನೇ ಒತ್ತುತ್ತ ಹದಿನೈದು ದಿನಗಳಲ್ಲಿ ಸಿಡಿ ಒಂದು ಹದಕ್ಕೆ ಬಂತು.

ಆ ಒಂದೇ ಒಂದು ಮದುವೆ ಪಾಮನಕಲ್ಲೂರಿನ ಬಸ್ಸಪ್ಪನ ಮಗಳದು. ಮಗಳು ಯಮನೂರಮ್ಮನನ್ನು ಬಳಗಾನೂರಿಗೆ ಕೊಟ್ಟಿದ್ದರು. ಬಸ್ಸಪ್ಪ ರಾಯಚೂರಿನಿಂದ ಹೊಸದಾಗಿ ಸಿಡಿ ಪ್ಲೇಯರ್ ತಂದಿದ್ದ, ಹಾಗಾಗಿ ಅವನನ್ನೇ ಕೇಳಿದೆವು. ಸಾಫ್ಟ್‌ವೇರಿನಲ್ಲಿ ಮೆನುವಿಗೆಂದು ಮೊದಲೇ ಮಾಡಿಟ್ಟ ಚಿತ್ರಗಳಿದ್ದವು. ಗುಲಾಬಿ ಹೂವಿನದೊಂದನ್ನು ಆರಿಸಿ, ಅದರ ಮೇಲೆ ಇಂಗ್ಲಿಷಿನಲ್ಲಿ ಸಣ್ಣಗೆ ಏಳು ಸಾಲು ಬರೆದೆ. ಕನ್ನಡ ಅದಕ್ಕೆ ಬರುತ್ತಿರಲಿಲ್ಲ. ಅಂಕಿ ಒತ್ತುವ ತನಕ ಚಿತ್ರ ಅಲ್ಲೇ ನಿಂತಿರಲಿ ಎಂದು ಇಟ್ಟೆ. ಬುಧವಾರ ಸಿಡಿ ಕಳಿಸಿಕೊಟ್ಟೆವು. ನಾನು ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಶನಿವಾರ ಬಸ್ಸಪ್ಪ ಬಂದ. ಸಿಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟ.

"ತಂಗಿ, ಇದ್ರಾಗ ಮದಿವಿ ಇಲ್ಲ."

"ಇಲ್ಲಂದ್ರ?"

"ಇಲ್ಲಂದ್ರ ಇಲ್ಲ. ಬರೇ ಹೂವಾ ಐತಿ. ಓಣಿ ಮಂದೆಲ್ಲ ಬಂದು ಕುಂತಿದ್ರು. ಟಿವ್ಯಾಗ ಆಗಾಗ ಅಡಚಣಿ ಅಂತ ಬೋರ್ಡ್ ಹಾಕ್ತಾರಲ್ಲ, ಹಂಗ ಇರಬೇಕು, ಹೋಗ್ತೈತಿ ಅಂತ ಕಾದ್ವಿ. ಎರಡು ಸಲ ಚಹಾ ಆತು. ಹೋಗವಲ್ದು."

"ಆಮ್ಯಾಲೆ?"

"ನಮ್ಮ ತಮ್ಮ ಗದ್ದೆಪ್ಪ ಮಾಳಿಗಿ ಹತ್ತಿ ಆಂಟೆನಾ ತಿರುವಿದ. ಅವ ಮ್ಯಾಲಿಂದ ಬಂತೇನು ಅಂತಾನ, ನಾವು ಕೆಳಗಿಂದ ಇಲ್ಲಲೇ, ಇನ್ನಾ ಹೂವಾ ಐತಿ ಅಂತೀವಿ. ರಾಯಚೂರು ಕಡಿ ತಿರುವಿದ, ಮಸ್ಕಿ ಕಡಿ ತಿರುವಿದ. ಒಂದು ಸಲ ಪೈಪ್ ಕೈಬಿಟ್ಟು ತಾನ ಬಣವಿ ಮ್ಯಾಲೆ ಬಿದ್ದು ಮೊಣಕೈ ಕೆತ್ತಿಸ್ಕೊಂಡ. ಈಗ ದೂರದರ್ಶನನೂ ಬರವಲ್ದು."

ಒಳಗೆ ಕ್ಯಾಮೆರಾ ಒರೆಸುತ್ತಿದ್ದ ವೆಂಕೋಬ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನನಗೆ ನಗುವೂ ಬಂತು, ಅಳುವೂ ಬಂತು, ಸಿಟ್ಟು ಅವೆರಡಕ್ಕಿಂತ ಮೊದಲು ಬಂತು. ಆದರೆ ಯಾರ ಮೇಲೆ ಸಿಟ್ಟಾಗಲಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓದಲು ಬಾರದ ಮನೆಗೆ ಇಂಗ್ಲಿಷ್ ಚೀಟಿ ಕಳಿಸಿದವಳು ನಾನು.

ಬಸ್ಸಪ್ಪ ಮಾತ್ರ ನಗಲಿಲ್ಲ. "ನನಗೇನಿಲ್ಲ ತಂಗಿ, ನಾ ಮದಿವ್ಯಾಗ ಎಲ್ಲಾ ನೋಡೀನಿ. ನಮ್ಮಾಕಿ ಪಕೀರಮ್ಮ ನೋಡಿಲ್ಲ. ಅಕಿ ಐರಾಣಿ ದೀಪದ ಮುಂದ ಕುಂತಿದ್ಲು. ಅಕ್ಕಿಕಾಳು ನೋಡಬೇಕಂತ ಆವತ್ತಿಂದ ಒಂದ ಸವನ ಕೇಳಾಕತ್ಯಾಳ. ಆ ಹೂವಿನ ಮುಂದ ಅಕಿ ಎಲ್ಲಾರಕಿಂತ ಹಿಂದ ಎದ್ಲು. ನೀವು ಮೊದ್ಲಿನಂಗ ಕ್ಯಾಸೆಟ್ ಮಾಡ್ಸಿ ಕೊಟ್ಟುಬಿಡ್ರಿ. ತಡ ಆದ್ರ ಆಗ್ಲಿ" ಎಂದ.

ನನಗೆ ತಿಳಿಯಿತು. ಅವರ ಮನೆಯಲ್ಲಿ ಮದುವೆಯ ದಿನ ಒಳಮನೆಯಲ್ಲಿ ಐರಾಣಿ ಗಡಿಗೆಗಳನ್ನಿಟ್ಟು ದೀಪ ಹಚ್ಚುತ್ತಾರೆ. ತಾಳಿ ಕಟ್ಟಿ ಅಕ್ಕಿಕಾಳು ಬೀಳುವ ತನಕ ಆ ದೀಪ ಆರಬಾರದು, ಹಡೆದವ್ವನೇ ಎಣ್ಣೆ ಹನಿಸುತ್ತ ಕೂಡಬೇಕು. ಹೊರಗೆ ಮಗಳ ಮದುವೆ, ಒಳಗೆ ತಾಯಿ. ಗಟ್ಟಿಮೇಳ ಕೇಳಿಸಿದರೆ ಆಯಿತು ಎಂದು ತಿಳಿದುಕೊಳ್ಳಬೇಕು, ಅಷ್ಟೆ.

ವೆಂಕೋಬ ಹೊರಗೆ ಬಂದು, ನನ್ನ ಮುಖ ನೋಡದೆ, "ಹಂಗ ಮಾಡೋಣ್ರಿ ಬಸ್ಸಪ್ಪ. ನಾಳೆ ಲಿಂಗಸುಗೂರಿಗೆ ಕಳಿಸ್ತೀನಿ" ಎಂದ. ಲಿಂಗಸುಗೂರಿಗೆ ಕ್ಯಾಸೆಟ್ಟು ಹೋದರೆ ರಾಯಚೂರಿಗೆ ಕಂಪ್ಯೂಟರ್ ಹೋಯಿತೆಂದೇ ಅರ್ಥ. ಯುಗಾದಿಗೆ ಇನ್ನು ಹತ್ತೇ ದಿನ.

"ಬಸ್ಸಪ್ಪಣ್ಣಾ, ಒಂದು ವಾರ ಕೊಡ್ರಿ" ಎಂದೆ. "ಬರೋ ಆಯಿತವಾರ ನಾನ ನಿಮ್ಮನಿಗೆ ಬರ್ತೀನಿ. ನನ್ನ ಕೈಯಾರೆ ಹಾಕಿ ತೋರಿಸ್ತೀನಿ. ಯಕ್ಕ ಒಲ್ಲೆ ಅಂದ್ರ ಅಲ್ಲಿಂದ ಹಂಗ ಲಿಂಗಸುಗೂರು ಬಸ್ ಹತ್ತಿ ನಾನ ಕ್ಯಾಸೆಟ್ ಕೊಟ್ಟು ಬರ್ತೀನಿ."

ಬಸ್ಸಪ್ಪ ವೆಂಕೋಬನ ಮುಖ ನೋಡಿದ. ವೆಂಕೋಬ ಮಾಳಿಗೆ ನೋಡಿದ. ಹಾಗೆ ನೋಡಿದನೆಂದರೆ ಒಪ್ಪಿದ ಎಂದು ಲೆಕ್ಕ.

ಆ ವಾರ ನಾನು ಯೋಚನೆ ಮಾಡಿದ್ದು ಒಂದೇ: ಓದು ಬಾರದವರ ಕಣ್ಣಿಗೆ ಬಿದ್ದ ಕೂಡಲೇ ತಿಳಿಯುವಂಥದ್ದು ಏನು? ಸೋಮವಾರ ಮುಂಜಾನೆ ಅಂಗಳ ಸಾರಿಸಿ ರಂಗೋಲಿ ಹಾಕುವಾಗ ಕೈ ಅಲ್ಲಿಯೇ ನಿಂತಿತು. ಇಷ್ಟು ದಿನ ಕಂಪ್ಯೂಟರಿನಲ್ಲಿ ಹುಡುಕಿದ್ದು ನನ್ನ ಬೆರಳ ಸಂದಿನಲ್ಲಿಯೇ ಇತ್ತು. ಸೆಗಣಿಯಿಂದ ಇನ್ನೊಂದು ಸಲ ಅಗಲವಾಗಿ ಸಾರಿಸಿದೆ. ಒಂದರ ಮುಂದೆ ಅರಿಶಿಣದ ಕೊಂಬು ಬರೆದೆ. ಸುರಗಿಗೆ ನೀರಿನ ತಂಬಿಗೆ, ಮೆರವಣಿಗೆಗೆ ಡೊಳ್ಳು, ಬೀಗರನ್ನು ಎದುರುಗೊಳ್ಳುವುದಕ್ಕೆ ಆರತಿ ತಟ್ಟೆ. ಐದರ ಮುಂದೆ ತಾಳಿ. ಉಡುಗೊರೆ ಕೊಡುವ ಆಯೇರಿಗೆ ಮಡಿಚಿದ ಸೀರೆ, ಊಟಕ್ಕೆ ಎಲೆ. ಅಂಕಿಯನ್ನು ರಿಮೋಟಿನಲ್ಲಿ ಹೇಗಿದೆಯೋ ಹಾಗೆಯೇ ಬರೆದೆ, ಅಂಕಿಯೂ ತಿಳಿಯದವರಿಗೆ ಇರಲೆಂದು ಪಕ್ಕದಲ್ಲಿ ಅಷ್ಟಷ್ಟೇ ಚುಕ್ಕಿ ಇಟ್ಟೆ. ಚುಕ್ಕಿ ಎಣಿಸಲು ಬಾರದ ಹೆಂಗಸು ನಮ್ಮ ಸೀಮೆಯಲ್ಲಿ ಇಲ್ಲ.

ವೆಂಕೋಬ ಏಣಿ ಹತ್ತಿ ಮೇಲಿನಿಂದ ಶೂಟ್ ಮಾಡಬೇಕು. ಅವನು ಲೆನ್ಸ್ ಸರಿ ಮಾಡಿಕೊಳ್ಳುವುದರೊಳಗೆ ಪಕ್ಕದ ಮನೆಯ ಕೋಳಿಯೊಂದು ಬಂದು ಡೊಳ್ಳನ್ನು ಕೆದರಿ ಹೋಯಿತು.

"ಮೆರವಣಿಗಿ ಹೋತಲೇ ಗ್ಯಾನಿ" ಎಂದ ಏಣಿಯ ಮೇಲಿನಿಂದ.

"ಹೋದ್ರ ಹೋಗ್ಲಿ, ಅದನ್ನ ನೋಡಿ ನೋಡಿ ಸಾಕಾಗೈತಿ" ಎಂದೆ. ಆದರೂ ಮತ್ತೆ ಬರೆದೆ. ಗಂಡಸರಿಗೂ ಏನಾದರೂ ಬೇಕಲ್ಲ.

ಶಾಕೀರಾ ಬಂದು ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿ, "ಅಕ್ಕಾ, ಇಂಥಾದು ಆ ಸಾಫ್ಟ್‌ವೇರ್ ಮಾಡಿದವರ ಹತ್ರನೂ ಇಲ್ಲ ನೋಡ್ರಿ" ಎಂದಳು. ನನಗೆ ಭಾರೀ ಖುಷಿಯಾಯಿತು. ಖುಷಿಯಾದದ್ದನ್ನು ಮುಚ್ಚಿಟ್ಟುಕೊಳ್ಳುವ ಜಾತಿಯವಳಲ್ಲ ನಾನು, ಅವಳಿಗೆ ಎರಡು ಮಂಡಾಳು ಒಗ್ಗರಣೆ ಪ್ಲೇಟು ತರಿಸಿಕೊಟ್ಟೆ.

ಆಯಿತವಾರ ಮಸ್ಕಿಯಲ್ಲಿ ಬಸ್ಸು ಬದಲಿಸಿ ಪಾಮನಕಲ್ಲೂರಿಗೆ ಹೋದಾಗ ಬಿಸಿಲು ಏರಿತ್ತು. ಕೈಚೀಲದಲ್ಲಿ ಒಂದು ಕಡೆ ಸಿಡಿ, ಇನ್ನೊಂದು ಕಡೆ ಲಿಂಗಸುಗೂರಿಗೆಂದು ಹಳೆಯ ಕ್ಯಾಸೆಟ್ಟು. ಬಸ್ಸಪ್ಪನ ಪಡಸಾಲೆಯಲ್ಲಿ ಹಿಂದಿನ ಸಲದಷ್ಟು ಮಂದಿ ಇರಲಿಲ್ಲ, ಒಮ್ಮೆ ಮೋಸ ಹೋದವರು ಮತ್ತೆ ಯಾಕೆ ಬಂದಾರು. ನಾಲ್ಕಾರು ಗಂಡಸರು ಮುಂದೆ ಕುಳಿತಿದ್ದರು. ಗದ್ದೆಪ್ಪ ರಿಮೋಟು ಹಿಡಿದುಕೊಂಡಿದ್ದ. ಅವನ ಮೊಣಕೈಗೆ ಇನ್ನೂ ಪಟ್ಟಿ ಇತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

ಸಿಡಿ ಹಾಕಿದೆ. ಪರದೆಯ ತುಂಬ ನಮ್ಮ ಅಂಗಳ ಬಂದು ನಿಂತಿತು.

"ಏ, ಇದು ರಂಗೋಲಿ!" ಎಂದಿತು ಹಿಂದಿನಿಂದ ಒಂದು ದನಿ. ಪಕೀರಮ್ಮ ಕೈತುಂಬ ಹಿಟ್ಟು ಮೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಇನ್ನೂ ಮೂವರು ಹೆಂಗಸರು.

"ಡೊಳ್ಳು ಮೂರಕ್ಕೈತಿ, ಮೊದ್ಲ ಬ್ಯಾಂಡ್ ಹಾಕ್ತೀನಿ" ಎಂದು ಗದ್ದೆಪ್ಪ ಬೆರಳು ಎತ್ತಿದ. ಗಂಡಸರಿಗೂ ಮೆನು ತಿಳಿದಿತ್ತು, ಅದು ನನಗೆ ಸಮಾಧಾನ. ಆದರೆ ಸುಮ್ಮನೆ ಕೂಡಲು ಆಗಲಿಲ್ಲ. "ಕೊಡ್ರಿ ಇಲ್ಲಿ" ಎಂದು ಅವನ ಕೈಯಿಂದ ರಿಮೋಟು ಕಿತ್ತುಕೊಂಡು ಹೋಗಿ ಪಕೀರಮ್ಮನ ಕೈಗೆ ಕೊಟ್ಟೆ.

ಅವಳು ಹಿಂದೆ ಸರಿದಳು. "ಯವ್ವಾ, ನಾ ಓದಿದಾಕಿ ಅಲ್ಲ. ನಂಗ ಇದೆಲ್ಲ ಬರಾಂಗಿಲ್ಲ."

"ಓದೋದು ಏನೂ ಇಲ್ಲ ಯಕ್ಕಾ. ತಾಳಿ ಎಲ್ಲೈತಿ ನೋಡ್ರಿ. ಅದರ ಬಾಜೂಕ ಎಷ್ಟು ಚುಕ್ಕಿ ಅದಾವ ಎಣಸ್ರಿ. ಇಲ್ಲಿ ಮ್ಯಾಲಿಂದ ಅಷ್ಟನೇದು ಒತ್ರಿ."

ಅವಳು ಪರದೆಯ ಹತ್ತಿರ ಹೋಗಿ, ಹಿಟ್ಟಿನ ಬೆರಳಿನಿಂದ ಗಾಜು ಮುಟ್ಟಿ ಮುಟ್ಟಿ ಚುಕ್ಕಿ ಎಣಿಸಿದಳು. ಐದು. ಆಮೇಲೆ ರಿಮೋಟಿನ ಮೇಲೆ ಎಣಿಸಿದಳು. ಎಣಿಸಿದ ಮೇಲೂ ಒತ್ತದೆ ಬಸ್ಸಪ್ಪನ ಕಡೆ ನೋಡಿದಳು. ಅವನು ಹ್ಞೂಂ ಎಂದು ತಲೆಯಾಡಿಸಿದ. ಒತ್ತಿದಳು.

ಪರದೆ ಕಪ್ಪಾಯಿತು. ಗದ್ದೆಪ್ಪ ಎದ್ದು ನಿಂತ.

"ಕುಂದ್ರಲೇ" ಎಂದ ಬಸ್ಸಪ್ಪ.

ಆಗ ಚಪ್ಪರ ಬಂತು. ಅಂತರಪಟ ಹಿಡಿದಿದ್ದರು, ಅದು ಸರಿಯಿತು. ಮಂದಿ ಗದ್ದಲ, ಗಟ್ಟಿಮೇಳ, ನಾಲ್ಕು ಕಡೆಯಿಂದ ಅಕ್ಕಿಕಾಳು. ಅಳಿಯ ಬಗ್ಗಿ ತಾಳಿ ಕಟ್ಟುತ್ತಿದ್ದ. ಪಕೀರಮ್ಮ ನಿಂತಲ್ಲಿಯೇ ನಿಂತಿದ್ದಳು, ರಿಮೋಟು ಹಿಡಿದ ಕೈ ಹಾಗೆಯೇ ಮುಂದಕ್ಕೆ ಚಾಚಿತ್ತು.

"ಅಲ್ನೋಡ್ರಿ" ಎಂದಳು.

ನಮಗೆ ಯಾರಿಗೂ ಏನೆಂದು ತಿಳಿಯಲಿಲ್ಲ.

"ಅಲ್ನೋಡ್ರಿ, ಅಕಿ ಎತ್ತಾಗ ನೋಡಾಕತ್ಯಾಳ."

ಆಗ ಕಂಡಿತು. ಯಮನೂರಮ್ಮ ಗಂಡನನ್ನು ನೋಡುತ್ತಿರಲಿಲ್ಲ, ಅಕ್ಕಿಕಾಳು ಹಾಕುವವರನ್ನೂ ನೋಡುತ್ತಿರಲಿಲ್ಲ. ಕೊರಳು ಬಾಗಿಸಿಯೇ, ಕಣ್ಣಷ್ಟೇ ಎತ್ತಿ, ಮಂದಿಯ ತಲೆಗಳ ನಡುವಿನಿಂದ ಒಳಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ಯಾರೋ ಅಡ್ಡ ಬಂದರು. ಅವಳು ಸ್ವಲ್ಪ ಓರೆಯಾಗಿ ಮತ್ತೆ ನೋಡಿದಳು. ಈ ತುಂಡನ್ನು ನಾನು ಕಡಿಮೆಯೆಂದರೆ ನಲವತ್ತು ಸಲ ನೋಡಿದ್ದೆ. ಎಲ್ಲಿ ಶುರು ಮಾಡಬೇಕು, ಎಲ್ಲಿ ಕತ್ತರಿಸಬೇಕು ಎಂದು ತಾಳಿಯನ್ನೂ ಕೈಗಳನ್ನೂ ನೋಡಿದೆ, ಹುಡುಗಿಯ ಕಣ್ಣು ನೋಡಲಿಲ್ಲ. ಜಾಣೆ ಎಂದುಕೊಂಡಿದ್ದ ನನಗೆ ಅಲ್ಲಿಯೇ ನಾಚಿಕೆಯಾಯಿತು.

"ನನ್ನ ಹುಡುಕಾಕತ್ಯಾಳ" ಎಂದಳು ಪಕೀರಮ್ಮ. ಅವಳು ಅಳಲಿಲ್ಲ. ಮುಖದ ಮೇಲೆ ಬಂದದ್ದು ನಗು, ಅಷ್ಟು ದೊಡ್ಡ ನಗುವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದವಳ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತವಳು ನಾನು.

"ನಾ ಅಕಿ ಮಗ್ಗಲದಾಗ ನಿಂತಿದ್ದೆ" ಎಂದ ಬಸ್ಸಪ್ಪ. "ನಂಗ ಕಾಣಲಿಲ್ಲ ನೋಡು."

ತುಂಡು ಮುಗಿದು ಪರದೆಯ ಮೇಲೆ ಮತ್ತೆ ಮೆನು ಬಂತು. ಗಂಡಸರು ಯಾರೂ ಬ್ಯಾಂಡಿನ ಹೆಸರು ಎತ್ತಲಿಲ್ಲ. ಬಸ್ಸಪ್ಪ ನನ್ನ ಕೈಚೀಲದ ಕಡೆ ಕೈ ತೋರಿಸಿ, "ಆ ಕ್ಯಾಸೆಟ್ ತಿರುಗಿ ಒಯ್ಯಿ ತಂಗಿ. ನಮಗ ಇದ ಇರ್ಲಿ" ಎಂದ. ಎರಡು ತಿಂಗಳಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಇಳಿಯಿತು. ಇನ್ನು ಆ ಡಬ್ಬಿಯನ್ನು ನನ್ನ ಅಂಗಡಿಯಿಂದ ಯಾರು ಎತ್ತುತ್ತಾರೋ ನೋಡುತ್ತೇನೆ ಎಂದುಕೊಂಡೆ.

ಪಕೀರಮ್ಮ ರಿಮೋಟನ್ನು ಯಾರಿಗೂ ತಿರುಗಿ ಕೊಟ್ಟಿರಲಿಲ್ಲ. ಅದರ ಮೇಲೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಕ್ಯಾಸೆಟ್ನಾಗ ಒಂದ ಜಾಗ ಮ್ಯಾಲಿಂದ ಮ್ಯಾಲೆ ನೋಡಿದ್ರ ಅದು ಸವೀತೈತಂತ. ಇದೂ ಸವೀತೈತೇನವಾ?"

"ಇಲ್ಲ ಯಕ್ಕಾ. ಇದು ಎಷ್ಟು ಸಲ ನೋಡಿದ್ರೂ ಸವಿಯಾಂಗಿಲ್ಲ."

"ಹಂಗಾರ ನೀ ಉಂಡು ಹೋಗು. ಸ್ವಲ್ಪ ತಡ ಆಗ್ತೈತಿ" ಎಂದು ಹೇಳಿ, ಈ ಸಲ ಯಾರ ಮುಖವನ್ನೂ ನೋಡದೆ, ಎಣಿಸದೆ, ಐದು ಒತ್ತಿದಳು.